ಬಾಗಿಲೋ ಭುಜವೋ

ನೀರು ಸರಬರಾಜು ಕಚೇರಿಯ ರವಾನೆ ಗುಮಾಸ್ತರನ್ನು ಅವರ ನಿಜವಾದ ಹೆಸರು ಹಿಡಿದು ಕರೆಯುವುದನ್ನು ಜನ ಬಿಟ್ಟು ಎಷ್ಟೋ ಕಾಲವಾಗಿತ್ತು. ಕಚೇರಿಯಲ್ಲಿ ಅವರು ಕ್ವಾಲಿಟಿ, ಬೀದಿಯಲ್ಲಿ ಕ್ವಾಲಿಟಿಯವರು, ಹೆಂಡತಿಯ ಕಡೆಯವರಿಗೆ ಕ್ವಾಲಿಟಿ ಭಾವ. ಇದಕ್ಕೆಲ್ಲ ಮೂಲ ಒಂದು ನೀರಿನ ಟ್ಯಾಂಕು.

ಟ್ಯಾಂಕು ಹೊಸದಾಗಿ ಎದ್ದು ನಿಂತಾಗ ಸಾಹೇಬರು ಅದರ ಬುಡಕ್ಕೇ ಹೋಗಿ, ಫೋನನ್ನು ಮೇಲಕ್ಕೆತ್ತಿ ಫೋಟೋ ಹೊಡೆದು ದೊಡ್ಡ ಕಚೇರಿಗೆ ಕಳಿಸಿದ್ದರು. ಬುಡದಲ್ಲಿ ನಿಂತು ತೆಗೆದರೆ ಎತ್ತರದ್ದೆಲ್ಲ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಟ್ಯಾಂಕೂ ಹಾಗೇ ಕಂಡಿತು. ಹೊಸ ಟ್ಯಾಂಕು ಆಗಲೇ ಮಲಗಲು ಹೊರಟಿರುವುದೇಕೆ ಎಂದು ದೊಡ್ಡ ಕಚೇರಿ ವಿವರಣೆ ಕೇಳಿತು. ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತರು. ಆಗ ನಮ್ಮ ಗುಮಾಸ್ತರು ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಒಂದು ಸಾಫ್ಟ್‌ವೇರ್ ತೆರೆದು, ಕಂಡದ್ದನ್ನೆಲ್ಲ ಒತ್ತುತ್ತ ಹೋದರು. ಯಾವುದನ್ನು ಒತ್ತಿದಾಗಲೋ ಫೋಟೋದ ನಾಲ್ಕು ಮೂಲೆಗಳಲ್ಲಿ ನಾಲ್ಕು ಪುಟ್ಟ ಚೌಕಗಳು ಮೂಡಿದವು. ಮೇಲಿನ ಎರಡನ್ನು ಹಿಡಿದು ಹೊರಕ್ಕೆ ಎಳೆದರೆ, ನಿದ್ದೆಯಲ್ಲಿದ್ದ ನೌಕರ ಸಾಹೇಬರನ್ನು ಕಂಡು ಎದ್ದ ಹಾಗೆ ಟ್ಯಾಂಕು ನೆಟ್ಟಗೆ ನಿಂತಿತು.

"ಎಳೆದಿದ್ದಕ್ಕೆ ಕ್ವಾಲಿಟಿ ಏನೂ ಹೋಗಿಲ್ಲ ತಾನೇ?" ಎಂದರು ಸಾಹೇಬರು.

"ಕ್ವಾಲಿಟಿ ಹೋಗೋ ಮಾತೇ ಇಲ್ಲ ಸಾರ್."

ಕ್ವಾಲಿಟಿ ಎಂದರೇನು, ಅದು ಫೋಟೋದಲ್ಲಿ ಎಲ್ಲಿ ಇರುತ್ತದೆ, ಹೋಗುವುದಾದರೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಆದರೆ ಆ ಮಾತು ನಾಲಿಗೆಗೆ ಹಿತವಾಗಿತ್ತು. ಅಂದಿನಿಂದ ಯಾರಾದರೂ ಫೋಟೋ ತೋರಿಸಿದರೆ ಸಾಕು, ತಲೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸಿ ನೋಡಿ, "ಸರಿ ಮಾಡಬಹುದು, ಕ್ವಾಲಿಟಿ ಹೋಗದ ಹಾಗೆ" ಎನ್ನುತ್ತಿದ್ದರು. ಹೆಸರು ಅಂಟಿಕೊಂಡಿತು.

ಇವರಿದ್ದದ್ದು ಅತ್ತೆಯ ಮನೆಯಲ್ಲಿ. ಮದುವೆಯಾದ ಹೊಸದರಲ್ಲಿ ಬೇರೆ ಮನೆ ಸಿಗುವವರೆಗೆ ಎಂದು ಬಂದವರು, ಇನ್ನೂ ಹುಡುಕುತ್ತಲೇ ಇದ್ದರು. ಮಾವ ಮೊದಲೇ ತೀರಿಕೊಂಡಿದ್ದರು. ಅತ್ತೆಗೆ ಮೂವರು ಮಕ್ಕಳು. ದೊಡ್ಡ ಮಗ ದರ್ಜಿ, ಚಿಕ್ಕ ಮಗ ಬಡಗಿ, ನಡುವಿನವಳು ಕ್ವಾಲಿಟಿಯವರ ಹೆಂಡತಿ. ಗಂಡು ಮಕ್ಕಳಿಬ್ಬರೂ ಪಕ್ಕದ ಬೀದಿಗಳಲ್ಲೇ ಬೇರೆ ಮನೆ ಮಾಡಿಕೊಂಡಿದ್ದರು. ಇಬ್ಬರೂ ದಿನಾ ತಾಯಿಯನ್ನು ನೋಡಲು ಬರುತ್ತಿದ್ದರು, ಒಟ್ಟಿಗೆ ಮಾತ್ರ ಅಲ್ಲ. ದರ್ಜಿ ಬೆಳಿಗ್ಗೆ ಹಿತ್ತಿಲ ಬಾಗಿಲಿನಿಂದ, ಬಡಗಿ ಸಂಜೆ ಮುಂಬಾಗಿಲಿನಿಂದ. ಎಷ್ಟೋ ವರ್ಷಗಳಿಂದ ಅವರಿಬ್ಬರಿಗೂ ಮಾತಿರಲಿಲ್ಲ.

ಜಗಳಕ್ಕೆ ಕಾರಣ ಆ ಮುಂಬಾಗಿಲೇ. ಹಳೆಯ ಬಾಗಿಲನ್ನು ಗೆದ್ದಲು ತಿಂದಾಗ ಬಡಗಿ ತಾನೇ ಮರ ಆರಿಸಿ, ತಾನೇ ಕೊಯ್ದು, ಹೊಸ ಬಾಗಿಲು ಮಾಡಿ ಕೂರಿಸಿದ. ಆ ದಿನ ಮನೆಯವರೆಲ್ಲ ಬಾಗಿಲ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಫೋಟೋ ಬಂದಾಗ ದರ್ಜಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ನೆಂಟರಿಷ್ಟರ ಮುಂದೆ, "ಬಾಗಿಲು ವಾಲಿದೆಯಲ್ಲೋ" ಎಂದ. ಬಡಗಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. "ನೀನು ಹೊಲಿದ ಅಂಗಿಗಿಂತ ನೆಟ್ಟಗಿದೆ" ಎಂದ. ಅಲ್ಲಿಗೆ ಮುಗಿಯಿತು. ಓರೆ ಬಾಗಿಲಿನಲ್ಲಿ ಕಾಲಿಡುವುದಿಲ್ಲ ಎಂದು ದರ್ಜಿ, ಓರೆ ಮಾತಿನವನ ಮುಖ ನೋಡುವುದಿಲ್ಲ ಎಂದು ಬಡಗಿ. ಅತ್ತೆ ಆಗ ಒಳಗೆ ಅಡಿಗೆಮನೆಯಲ್ಲಿದ್ದರು. ಇಬ್ಬರೂ ಮಾತು ಬಿಟ್ಟದ್ದೇಕೆಂದು ಅವರಿಗೆ ಇಂದಿನವರೆಗೆ ಯಾರೂ ಹೇಳಿರಲಿಲ್ಲ. ಕೇಳಿದಾಗಲೆಲ್ಲ ಒಬ್ಬ "ಅಂಗಡಿಯಲ್ಲಿ ಕೆಲಸ ಜಾಸ್ತಿ" ಎನ್ನುತ್ತಿದ್ದ, ಇನ್ನೊಬ್ಬ "ಮರ ತರೋಕೆ ಹೋಗ್ಬೇಕಿತ್ತು" ಎನ್ನುತ್ತಿದ್ದ.

ಫೋಟೋ ತೆಗೆದವರು ಕ್ವಾಲಿಟಿಯವರು. ಎದುರಿಗೆ ಮರಳಿನ ರಾಶಿ ಇತ್ತೆಂದು ಪಕ್ಕಕ್ಕೆ ಸರಿದು, ಓರೆಯಾಗಿ ನಿಂತು ತೆಗೆದಿದ್ದರು. ಹತ್ತಿರವಿದ್ದ ದರ್ಜಿ ಆನೆಯಷ್ಟು, ಸಾಲಿನ ತುದಿಯಲ್ಲಿದ್ದ ಬಡಗಿ ಹೆಬ್ಬೆರಳಷ್ಟು ಬಂದಿದ್ದರು. ಈ ಸಂಗತಿಯನ್ನು ಮನೆಯಲ್ಲಿ ಯಾರೂ ಎತ್ತಿ ಆಡುತ್ತಿರಲಿಲ್ಲ. ಕ್ವಾಲಿಟಿಯವರಿಗೆ ಕೂಡ ಆ ಜಗಳಕ್ಕೂ ತಮಗೂ ಏನಾದರೂ ಸಂಬಂಧವಿದೆ ಎಂದು ಅನಿಸಿರಲಿಲ್ಲ.

ಹೀಗಿರುವಾಗ ಅತ್ತೆಯ ಕಣ್ಣಿಗೆ ಪೊರೆ ಬಂತು. ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಅಂದು ಸಂಜೆ ಅತ್ತೆ ದಿಂಬಿನ ಕೆಳಗಿನಿಂದ ಆ ಫೋಟೋ ತೆಗೆದರು. ಅಂಗೈಯಗಲದ ಕಾಗದ. ಬೆರಳಿನಿಂದ ಸವರಿ ಸವರಿ ಅದರಲ್ಲಿ ಎರಡು ಕಡೆ ಬಣ್ಣವೇ ಎದ್ದುಹೋಗಿತ್ತು. ಯಾವ ಎರಡು ಕಡೆ ಎಂದು ಹೇಳಬೇಕಾಗಿಲ್ಲ.

"ಅಳಿಯಂದಿರೇ, ಇದನ್ನ ದೊಡ್ಡದಾಗಿ ಮಾಡಿಸಿ ಕೊಡ್ತೀರಾ? ಪಟ್ಟಿ ಬಿಚ್ಚಿದ ಕೂಡಲೇ ಮೊದಲು ನನ್ನ ಮಕ್ಕಳಿಬ್ಬರನ್ನೂ ಒಟ್ಟಿಗೆ ನೋಡ್ಬೇಕು. ಅವರಂತೂ ಒಟ್ಟಿಗೆ ಬರಲ್ಲ. ಫೋಟೋದಲ್ಲಾದರೂ ನೋಡ್ತೀನಿ."

ಅತ್ತೆ ಈ ಮನೆಯಲ್ಲಿ ಅವರಿಂದ ಏನನ್ನೂ ಕೇಳಿದವರಲ್ಲ. "ಅದೇನು ಮಹಾ ಅತ್ತೆ. ದೊಡ್ಡದೂ ಮಾಡ್ತೀನಿ, ಓರೆ ಇರೋದನ್ನೆಲ್ಲ ನೆಟ್ಟಗೂ ಮಾಡ್ತೀನಿ. ಕ್ವಾಲಿಟಿ ಹೋಗದ ಹಾಗೆ" ಎಂದರು. ಹೇಳುತ್ತಿದ್ದ ಹಾಗೆ ಅವರ ತಲೆಯಲ್ಲಿ ಇನ್ನೊಂದು ದೊಡ್ಡ ಯೋಚನೆ ಹೊಳೆಯಿತು. ಫೋಟೋದಲ್ಲಿ ಬಾಗಿಲು ನೆಟ್ಟಗಾದರೆ ಜಗಳಕ್ಕೆ ಬುಡವೇ ಇಲ್ಲದ ಹಾಗಾಗುತ್ತದೆ. ಟ್ಯಾಂಕು ಎಬ್ಬಿಸಿದವರಿಗೆ ಬಾಗಿಲು ಯಾವ ಲೆಕ್ಕ.

ಹೆಂಡತಿ ಅಡಿಗೆಮನೆಯಿಂದಲೇ, "ರೀ, ಹಳೇ ಕ್ಯಾಮೆರಾದಲ್ಲಿರೋ ಫೋಟೋ ಜೋಪಾನ. ಅದೊಂದೇ ಇರೋದು" ಎಂದರು. ಕ್ವಾಲಿಟಿಯವರು ಅಂದೇ ಫೋಟೋವನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಒಂದೇ ಫೋಟೋ ಎರಡು ಕಡೆ ಇದ್ದರೆ ಗೊಂದಲವೆಂದು ಕ್ಯಾಮೆರಾದ ಕಾರ್ಡನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದರು. ಜೋಪಾನ ಮಾಡುವುದೆಂದರೆ ಅವರಿಗೆ ಹೀಗೆ.

ಮಾರನೇ ದಿನ ಊಟದ ಹೊತ್ತಿನಲ್ಲಿ ಕಚೇರಿಯ ಕಂಪ್ಯೂಟರಿನ ಮುಂದೆ ಕೂತು ನಾಲ್ಕು ಚೌಕಗಳನ್ನು ಕರೆದರು. ತುದಿಯ ಕಡೆಯ ಎರಡನ್ನು ಹಿಡಿದು ಎಳೆದರು. ಬಡಗಿ ದೊಡ್ಡವನಾಗುತ್ತ ಬಂದ, ದರ್ಜಿ ಹದಕ್ಕೆ ಬಂದ. ಇನ್ನೊಂದು ಚೂರು ಎಳೆದಾಗ ಬಾಗಿಲು ನೆಟ್ಟಗೆ ನಿಂತಿತು. ಸೇವ್ ಒತ್ತಿದರೆ ಸಾಫ್ಟ್‌ವೇರು, ಮೊದಲಿನ ಫೋಟೋವನ್ನು ಅಳಿಸಿ ಅದರ ಜಾಗದಲ್ಲೇ ಇದನ್ನು ಇಡಲೇ ಎಂದು ಕೇಳಿತು. ಇಷ್ಟು ವಿನಯವಾಗಿ ಕೇಳುವಾಗ ಬೇಡ ಎನ್ನುವುದು ಹೇಗೆ. ಇಡು ಎಂದರು. ಮನೆಯವರೆಲ್ಲ ಇರುವ ಫೋನಿನ ಗುಂಪಿಗೆ ಫೋಟೋ ಹೋಯಿತು.

ಮರುದಿನ ಬೆಳಿಗ್ಗೆ ಕ್ವಾಲಿಟಿಯವರು ಹಲ್ಲುಜ್ಜುತ್ತಿರುವಾಗ ಹಿತ್ತಿಲ ಬಾಗಿಲು ದಡಾರನೆ ತೆರೆಯಿತು. ಕೊರಳಲ್ಲಿ ಟೇಪು ನೇತುಹಾಕಿಕೊಂಡು ದರ್ಜಿ ನಿಂತಿದ್ದ.

"ಭಾವ, ನನ್ನ ಎಡಭುಜ ಏನಾಯ್ತು?"

ಕ್ವಾಲಿಟಿಯವರು ಬಾಯಲ್ಲಿ ನೊರೆ ಇಟ್ಟುಕೊಂಡೇ ಅವನ ಭುಜ ನೋಡಿದರು. ಇದ್ದ ಜಾಗದಲ್ಲೇ ಇತ್ತು.

"ಇಲ್ಲಲ್ಲ, ಫೋಟೋದಲ್ಲಿ. ನೋಡಿ, ಬಲಗಡೆದು ಇಲ್ಲಿ, ಎಡಗಡೆದು ಇಲ್ಲಿ. ಇಳಿದುಹೋಗಿದೆ. ಈ ಬೀದಿಯ ಅರ್ಧ ಜನಕ್ಕೆ ಭುಜ ಅಳೆದು ಕೂರಿಸಿದವನು ನಾನು. ಸ್ವಂತ ಭುಜ ಇಳಿಬಿದ್ದಿರೋ ದರ್ಜಿ ಹತ್ರ ಯಾರು ಕೋಟು ಹೊಲಿಸ್ತಾರೆ? ಅವನ ಬಾಗಿಲು ನೆಟ್ಟಗೆ ಮಾಡೋಕೆ ನಿಮಗೆ ನನ್ನ ಭುಜವೇ ಬೇಕಿತ್ತಾ?"

"ಹಾಗಲ್ಲ ಭಾವ, ಅದು ಎಳೆಯುವಾಗ ಒಂದು ಕಡೆ…"

"ಒಂದು ಕಡೆ ಅಂತ ನನಗೂ ಗೊತ್ತು. ಹೋದ ವಾರ ನಿಮ್ಮ ಮಂಚದ ಕಾಲು ಯಾರು ಸರಿ ಮಾಡಿಕೊಟ್ಟದ್ದು ಅಂತಾನೂ ಗೊತ್ತು."

ಕ್ವಾಲಿಟಿಯವರು ನೊರೆ ನುಂಗಿದರು. ಮಂಚದ ಕಾಲು ಸರಿ ಮಾಡಿದವನು ಬಡಗಿ, ನಿಜ. ಆದರೆ ಅದು ಲಂಚವೆಂದು ಮಂಚಕ್ಕೂ ಗೊತ್ತಿರಲಿಲ್ಲ.

ಅಂದು ಊಟದ ಹೊತ್ತಿಗೆ ಅದೇ ಫೋಟೋವನ್ನು ಮತ್ತೆ ತೆರೆದು, ಈ ಸಲ ಕೆಳಗಿನ ಮೂಲೆ ಹಿಡಿದು ದರ್ಜಿಯ ಭುಜ ಸಮವಾಗುವವರೆಗೆ ಎಳೆದರು. ಸಾಫ್ಟ್‌ವೇರು ಮತ್ತೆ ವಿನಯವಾಗಿ ಕೇಳಿತು. ಇವರು ಮತ್ತೆ ಇಡು ಎಂದು, ಗುಂಪಿಗೂ ಕಳಿಸಿದರು. ಸಂಜೆ ಬಡಗಿ ಮುಂಬಾಗಿಲಿನಿಂದ ಬಂದ. ಮಾತಿಲ್ಲದೆ ಕ್ವಾಲಿಟಿಯವರ ಫೋನನ್ನು ಮಂಚದ ಮೇಲೆ ಮಲಗಿಸಿ, ಫೋಟೋ ತೆರೆದು, ಅದರೊಳಗಿನ ಬಾಗಿಲಿನ ಪಕ್ಕಕ್ಕೆ ತನ್ನ ರಸಮಟ್ಟದ ಕೋಲನ್ನು ಜೋಡಿಸಿ ಇಟ್ಟ.

"ನೋಡಿ ಭಾವ. ಕೋಲು ನೆಟ್ಟಗಿದೆ, ಬಾಗಿಲು ಆ ಕಡೆ ಹೋಗಿದೆ. ನಿನ್ನೆ ನೆಟ್ಟಗೇ ಇತ್ತು. ರಾತ್ರಿಯೊಳಗೆ ಬಾಗಿಲು ವಾಲುತ್ತಾ?"

"ಮಂಚ ಓರೆ ಇರಬಹುದಪ್ಪ."

"ಮಂಚ ಮಾಡಿದವನು ನಾನು."

ಕ್ವಾಲಿಟಿಯವರು ಮೆಲ್ಲಗೆ ತಮ್ಮ ಫೋನನ್ನು ಎತ್ತಿಕೊಂಡರು.

"ನಿಮಗೆ ಅವನು ಹೊಸ ಅಂಗಿ ಹೊಲಿದುಕೊಟ್ಟನಂತೆ. ಕೊಡಲಿ. ಅದಕ್ಕೆ ಎಲ್ಲರೂ ನೋಡೋ ಗುಂಪಿನಲ್ಲಿ ನನ್ನ ಬಾಗಿಲು ಬೀಳಿಸಬೇಕಾ?" ಎಂದು ಬಡಗಿ ಹೊರಟ. ಹೊರಡುವಾಗ ಆ ಬಾಗಿಲನ್ನು ಒಮ್ಮೆ ಮೃದುವಾಗಿ ಸವರಿ, ಸದ್ದಾಗದ ಹಾಗೆ ಎಳೆದುಕೊಂಡ.

ಹೀಗೆ ಶುರುವಾಯಿತು. ಬಾಗಿಲು ನೆಟ್ಟಗಾದರೆ ಭುಜ ಇಳಿಯುತ್ತಿತ್ತು, ಭುಜ ಏರಿದರೆ ಬಾಗಿಲು ವಾಲುತ್ತಿತ್ತು. ಎರಡನ್ನೂ ಒಟ್ಟಿಗೆ ಸರಿ ಮಾಡುವ ಮೂಲೆ ಯಾವುದೆಂದು ಕ್ವಾಲಿಟಿಯವರು ಮೇಲೆ ಕೆಳಗೆ ಅಡ್ಡ ಉದ್ದ ಎಲ್ಲ ಎಳೆದು ನೋಡಿದರು. ಪ್ರತಿ ಸಲವೂ ಹಿಂದಿನ ದಿನ ಎಳೆದದ್ದರ ಮೇಲೇ ಎಳೆಯುತ್ತಿದ್ದರು, ಪ್ರತಿ ಸಲವೂ ಅದರ ಮೇಲೇ ಉಳಿಸುತ್ತಿದ್ದರು. ಎದುರುಮನೆಯಾಕೆ ಬಂದು, ಫೋಟೋದ ಮೂಲೆಯಲ್ಲಿ ತಾನು ನೀರು ಹೊತ್ತು ಹೋಗುತ್ತಿದ್ದದ್ದು ಇತ್ತಲ್ಲ, ಈಗ ಬಕೆಟ್ಟು ಒಂದೇ ತನ್ನಷ್ಟಕ್ಕೆ ಹೋಗುತ್ತಿದೆ, ತಾನೆಲ್ಲಿ ಎಂದು ಕೇಳಿದರು. ಅವರು ಎಳೆತದಲ್ಲಿ ಚೌಕಟ್ಟಿನಿಂದ ಆಚೆ ಬಿದ್ದಿದ್ದರು. ಮತ್ತೆ ಒಳಗೆ ತರಲು ಆಗಲಿಲ್ಲ.

ಕಚೇರಿಯಲ್ಲಿ ಸುದ್ದಿ ಹಬ್ಬಿತು. ಊಟದ ಹೊತ್ತಿಗೆ ಕ್ವಾಲಿಟಿಯವರ ಕುರ್ಚಿಯ ಹಿಂದೆ ಜನ ಸೇರತೊಡಗಿದರು. ಬಿಲ್ಲಿನ ವಿಭಾಗದವರು ಬಾಗಿಲಿನ ಪಕ್ಷ, ಪೈಪಿನ ವಿಭಾಗದವರು ಭುಜದ ಪಕ್ಷ. ಒಂದು ದಿನ ಸಾಹೇಬರೇ ಹಿಂದಿನಿಂದ ಬಂದು ನಿಂತಾಗ ಎಲ್ಲರ ತುತ್ತು ಗಂಟಲಲ್ಲೇ ನಿಂತಿತು. ಕಚೇರಿಯ ಕಂಪ್ಯೂಟರಿನಲ್ಲಿ ಮನೆಯ ಫೋಟೋ. ಸಾಹೇಬರು ಬಹಳ ಹೊತ್ತು ನೋಡಿ, "ಎಡಗಡೆ ಮೂಲೆ ಒಂದು ಕೂದಲೆಳೆ ಕೆಳಗೆ ಎಳೀರಿ" ಎಂದರು. ಎಳೆದರು. ಬಾಗಿಲು ಅಲ್ಲೇ ಇತ್ತು, ಭುಜವೂ ಅಲ್ಲೇ ಇತ್ತು, ಅತ್ತೆಯ ತಲೆ ಮಾತ್ರ ಸೋರೆಕಾಯಿಯ ಹಾಗೆ ಉದ್ದವಾಯಿತು. "ಇದು ನನ್ನ ಅಧಿಕಾರಕ್ಕೆ ಮೀರಿದ್ದು" ಎಂದು ಸಾಹೇಬರು ಒಳಗೆ ಹೋದರು.

ಅಷ್ಟು ಹೊತ್ತಿಗೆ ಇನ್ನೊಂದು ಸಂಗತಿ ನಡೆಯುತ್ತಿತ್ತು. ಮೊದಲು ಎಲ್ಲರ ಹುಬ್ಬಿನ ಕೂದಲು ಹೋಯಿತು. ಆಮೇಲೆ ಕಣ್ಣಿನ ಕಪ್ಪು ಯಾವುದು ಬಿಳಿ ಯಾವುದು ತಿಳಿಯದಾಯಿತು. ಆಮೇಲೆ ಮೂಗುಗಳು ಕೆನ್ನೆಗಳೊಳಗೆ ಸೇರಿಕೊಂಡವು. ಕ್ವಾಲಿಟಿಯವರು ಕಂಪ್ಯೂಟರಿನ ಪರದೆಗೆ ಧೂಳು ಹಿಡಿದಿದೆ ಎಂದುಕೊಂಡು ಕರವಸ್ತ್ರದಿಂದ ಒರೆಸಿದರು, ಆಮೇಲೆ ಕನ್ನಡಕ ಒರೆಸಿಕೊಂಡರು, ಆಮೇಲೆ ಮುಖ ತೊಳೆದುಕೊಂಡು ಬಂದರು.

ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವುದೆಂದರು. ಕ್ವಾಲಿಟಿಯವರು ಪೆನ್ ಡ್ರೈವು ಹಿಡಿದು ಪ್ರಿಂಟಿಂಗ್ ಅಂಗಡಿಗೆ ಓಡಿದರು. ಅಂಗಡಿಯಾಕೆ ಫೋಟೋ ತೆರೆದು, ಹಿಗ್ಗಿಸಿ, ಮತ್ತೆ ಕುಗ್ಗಿಸಿ, ಇವರ ಮುಖ ನೋಡಿದಳು.

"ಸಾರ್, ಇದು ಮಂಜು ಮುಸುಕಿದಾಗ ತೆಗೆದದ್ದಾ?"

"ಇಲ್ಲ. ನೆಟ್ಟಗೆ ಮಾಡಿದ್ದು."

"ಎಷ್ಟು ಸಲ?"

ಕ್ವಾಲಿಟಿಯವರು ಬೆರಳು ಮಡಿಸಿ ಎಣಿಸತೊಡಗಿದರು.

"ಮೊದಲಿಂದು ಇದೆ ತಾನೇ? ಕೈ ಹಾಕದೆ ಇರೋದು? ಅದನ್ನ ಕೊಡಿ. ಅದರಿಂದಲೇ ಒಂದೇ ಸಲ ಎಳೆದು ಕೊಡ್ತೀನಿ. ಎಳೆದದ್ದನ್ನೇ ಮತ್ತೆ ಎಳೆದರೆ ಹೀಗೇ ಆಗೋದು."

ಆಗ ಕ್ವಾಲಿಟಿಯವರಿಗೆ ಕಸದ ಬುಟ್ಟಿ ಕಣ್ಣ ಮುಂದೆ ಬಂತು. ಅಂಗಡಿಯ ಸ್ಟೂಲಿನ ಮೇಲೆ ಕೂತರು. ಅಣ್ಣತಮ್ಮಂದಿರು ಒಟ್ಟಿಗೆ ನಿಂತ ಫೋಟೋ ಇಡೀ ಜಗತ್ತಿನಲ್ಲಿ ಅದೊಂದೇ ಇತ್ತು. ಫೋನಿನ ಗುಂಪಿಗೆ ಹೋದವು ಹಿಗ್ಗಿಸಲು ಬಾರದಷ್ಟು ಪುಟ್ಟವು. ಅತ್ತೆ ದಿಂಬಿನ ಕೆಳಗಿಟ್ಟದ್ದರಲ್ಲಿ ಅವರಿಬ್ಬರ ಮುಖ ಬೆರಳಿಗೆ ಅಳಿದಿತ್ತು, ಇದರಲ್ಲಿ ಇವರ ಕೈಯಿಂದ ಅಳಿಯಿತು. ಅಂಗಡಿಯಾಕೆ ಏನೂ ಕೇಳದೆ ಒಂದು ಲೋಟ ನೀರು ತಂದುಕೊಟ್ಟಳು.

"ಹಾಗೇ ಪ್ರಿಂಟ್ ಹಾಕಮ್ಮ. ದೊಡ್ಡದಾಗಿ" ಎಂದರು ಕೊನೆಗೆ. ದೊಡ್ಡದಾದರೆ ದೂರದಿಂದ ನೋಡುತ್ತಾರೆ, ದೂರದಿಂದ ನೋಡಿದರೆ ಎಲ್ಲವೂ ಸ್ವಲ್ಪ ಮಬ್ಬೇ ಎಂಬುದು ಅವರ ತರ್ಕ. ಫ್ರೇಮ್ ಹಾಕಿಸಿ, ಮೂರು ಸುತ್ತು ಕಾಗದ ಸುತ್ತಿಸಿ, ದಾರ ಬಿಗಿಸಿ ಮನೆಗೆ ತಂದರು. ಹೆಂಡತಿ ಬಿಚ್ಚಿ ತೋರಿಸಿ ಎಂದಾಗ, "ಅತ್ತೆಯೇ ಮೊದಲು ನೋಡಲಿ" ಎಂದರು. ಹೆಂಡತಿಗೆ ಕಣ್ಣು ತುಂಬಿ ಬಂತು. ಗಂಡ ಇಷ್ಟು ಸೂಕ್ಷ್ಮದವರೆಂದು ಆಕೆಗೆ ಗೊತ್ತಿರಲಿಲ್ಲ.

ಕಣ್ಣಾಸ್ಪತ್ರೆಯ ಆ ಕೋಣೆಗೆ ಎರಡು ಬಾಗಿಲು. ಒಂದರ ಹೊರಗೆ ಬೆಂಚಿನ ಮೇಲೆ ದರ್ಜಿ ಕೂತಿದ್ದ, ಇನ್ನೊಂದರ ಹೊರಗೆ ಮೆಟ್ಟಿಲ ಹತ್ತಿರ ಬಡಗಿ ನಿಂತಿದ್ದ. ಇಬ್ಬರೂ ತಾಯಿಯ ಕಣ್ಣಿಗಾಗಿ ಬಂದವರೇ. ಜೊತೆಗೆ, ಕೊನೆಗೂ ನೆಟ್ಟಗಾದದ್ದು ಬಾಗಿಲೋ ಭುಜವೋ ಎಂದು ತಿಳಿದುಕೊಳ್ಳುವ ಆಸೆಯೂ ಇತ್ತು. ಡಾಕ್ಟರು ಪಟ್ಟಿ ಬಿಚ್ಚಿದರು. ಕ್ವಾಲಿಟಿಯವರು ಕಾಗದ ಬಿಚ್ಚಿ, ಫೋಟೋವನ್ನು ಎದೆಗೆ ಒತ್ತಿ ಹಿಡಿದು, ಆದಷ್ಟು ದೂರದ ಗೋಡೆಗೆ ಅಂಟಿಕೊಂಡು ನಿಂತರು.

ಅತ್ತೆ ಕಣ್ಣು ತೆರೆದರು. ಮಿಟುಕಿಸಿದರು. ಫೋಟೋ ನೋಡಿದರು.

"ಹತ್ತಿರ ತನ್ನಿ ಅಳಿಯಂದಿರೇ."

ಒಂದು ಹೆಜ್ಜೆ ಬಂದರು.

"ಇನ್ನೂ ಹತ್ತಿರ."

ಮಂಚದ ಪಕ್ಕಕ್ಕೆ ಬಂದರು. ಅತ್ತೆಯ ಮುಖ ಬಾಡುತ್ತ ಹೋಯಿತು. "ಡಾಕ್ಟ್ರೇ, ಆಪರೇಷನ್ ಸರಿಹೋಗಲಿಲ್ಲ. ಯಾರ ಮುಖವೂ ಕಾಣ್ತಿಲ್ಲ. ಮೊದಲೇ ವಾಸಿ ಇತ್ತು" ಎಂದರು.

ಡಾಕ್ಟರು ಗಾಬರಿಯಾಗಿ ಟಾರ್ಚಿಗೆ ತಡಕಾಡಿದರು. ಅತ್ತೆ ಕೈ ಚಾಚಿ ಫೋಟೋದ ಗಾಜನ್ನು ಸವರಿದರು. "ನನ್ನ ಮಕ್ಕಳು ಕಾಣ್ತಿಲ್ಲ" ಎಂದರು. ದೊಡ್ಡ ದನಿಯೇನಲ್ಲ. ಆದರೆ ಎರಡು ಬಾಗಿಲೂ ಒಟ್ಟಿಗೆ ತೆರೆದವು. ಈ ಕಡೆಯಿಂದ ಒಬ್ಬ, ಆ ಕಡೆಯಿಂದ ಒಬ್ಬ ಓಡಿ ಬಂದು, ಡಾಕ್ಟರನ್ನೂ ಕ್ವಾಲಿಟಿಯವರನ್ನೂ ಪಕ್ಕಕ್ಕೆ ತಳ್ಳಿ, ಮಂಚದ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತರು.

"ಅಮ್ಮ, ನಾನು ಕಾಣ್ತೀನಾ?" ಎಂದ ದರ್ಜಿ.

"ಅಮ್ಮ, ನಾನು? ಇಲ್ಲಿ ನೋಡು" ಎಂದ ಬಡಗಿ.

ಅತ್ತೆ ದೊಡ್ಡವನನ್ನು ನೋಡಿದರು. "ನಿನ್ನ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿದೆ. ಊರಿಗೆಲ್ಲ ಹೊಲಿದುಕೊಡ್ತೀಯ." ಚಿಕ್ಕವನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. "ನಿನಗೆ ಯಾವಾಗ ಕೂದಲು ನೆರೆಯಿತೋ? ಅಣ್ಣನಿಗಿಂತ ಮೊದಲೇ ನೆರೆದಿದೆಯಲ್ಲ" ಎಂದರು.

ದರ್ಜಿ ಪಕ್ಕಕ್ಕೆ ತಿರುಗಿ ತಮ್ಮನ ತಲೆ ನೋಡಿದ. ನಿಜವಾಗಿಯೂ ನೆರೆದಿತ್ತು. ಅವನೂ ಈಗಲೇ ನೋಡುತ್ತಿದ್ದದ್ದು.

"ಇಬ್ಬರೂ ಹಾಗೇ ನಿಂತಿರಿ. ಅಲುಗಾಡಬೇಡಿ" ಎಂದರು ಅತ್ತೆ. ಅವರ ಆಪರೇಷನ್ ಆದ ಕಣ್ಣಿನಿಂದ ನೀರು ಇಳಿಯಿತು. ಡಾಕ್ಟರು ಕಣ್ಣಿಗೆ ನೀರು ಬರಬಾರದು ಎಂದು ಹೇಳಹೊರಟು, ಹತ್ತಿಯಿಂದ ತಾವೇ ಒರೆಸಿದರು. ಆಮೇಲೆ ತಮ್ಮ ಸಮಾಧಾನಕ್ಕೆ ಗೋಡೆಯ ಅಕ್ಷರಗಳನ್ನು ಓದಿಸಿದರು. ಅತ್ತೆ ಕೊನೆಯ ಸಾಲಿನವರೆಗೂ ಓದಿ, ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣಗಿದ್ದ ಪ್ರಿಂಟಿಂಗ್ ಪ್ರೆಸ್ಸಿನ ವಿಳಾಸವನ್ನೂ ಓದಿದರು. ಡಾಕ್ಟರು ಫೋಟೋವನ್ನು ಕೈಗೆ ತೆಗೆದುಕೊಂಡು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ಇದನ್ನ ಯಾರು ಮಾಡಿದ್ದು?" ಎಂದರು. ಎಲ್ಲರೂ ಕ್ವಾಲಿಟಿಯವರ ಕಡೆ ತಿರುಗಿದರು. ಆ ಫೋಟೋದಲ್ಲಿ ಬಾಗಿಲೂ ಇರಲಿಲ್ಲ, ಭುಜವೂ ಇರಲಿಲ್ಲ. ಬಣ್ಣ ಬಣ್ಣದ ಐದಾರು ಮೋಡಗಳಿದ್ದವು. ದರ್ಜಿ ಮೊದಲು ನಕ್ಕ. ಆಮೇಲೆ ಬಡಗಿ. ಆಮೇಲೆ ಹೊರಗೆ ಸರದಿಯಲ್ಲಿ ಕೂತಿದ್ದ ಕಣ್ಣಿನ ರೋಗಿಗಳು ಏನಾಯಿತೆಂದು ಗೊತ್ತಿಲ್ಲದೆ ನಕ್ಕರು.

ಮನೆಗೆ ಬರುವಾಗ ದಾರಿಯಲ್ಲಿ ಕ್ವಾಲಿಟಿಯವರು ಹೆಂಡತಿಯ ಕಿವಿಯಲ್ಲಿ, "ಮೊದಲಿನದು ಹೋಯಿತು ಕಣೇ. ಕಾರ್ಡು ನಾನೇ ಕಸಕ್ಕೆ ಹಾಕಿದೆ" ಎಂದರು.

"ನೀವು ಹಾಕಿದ ದಿನವೇ ಹೆಕ್ಕಿ ಹೊಲಿಗೆ ಡಬ್ಬಿಯಲ್ಲಿ ಇಟ್ಟಿದ್ದೀನಿ. ಇ‌ಷ್ಟು ವರ್ಷ ಸಂಸಾರ ಮಾಡಿದ್ದೀನಿ, ನಿಮ್ಮ ಜೋಪಾನ ನನಗೆ ಗೊತ್ತಿಲ್ವಾ" ಎಂದರು ಹೆಂಡತಿ. ಕ್ವಾಲಿಟಿಯವರು ಆಕೆಯ ಕೈ ಹಿಡಿದುಕೊಂಡು ಮನೆಯವರೆಗೂ ಬಿಡಲಿಲ್ಲ.

ಮನೆ ಮುಂದೆ ಬಂದಾಗ ದರ್ಜಿ ಅಭ್ಯಾಸಬಲದಿಂದ ಹಿತ್ತಿಲ ಕಡೆ ತಿರುಗಿದ. ಅತ್ತೆ ಬೀದಿಯಲ್ಲೇ ನಿಂತು ಹೊಸ ಕಣ್ಣಿನಿಂದ ಮನೆಯನ್ನು ನೋಡುತ್ತಿದ್ದರು.

"ಬಾಗಿಲು ವಾಲಿದೆ" ಎಂದರು.

ದರ್ಜಿಯ ಕಾಲು ನಿಂತಿತು. ಈಗಷ್ಟೇ ಕೂಡಿಕೊಂಡ ಸಂಬಂಧ, ಬಾಯಿ ಬಿಡಲಿಲ್ಲ. ಬಡಗಿ ನೆಲ ನೋಡಿದ.

"ಗೋಡೆಯೂ ವಾಲಿದೆ. ನಿಮ್ಮಪ್ಪ ಕಟ್ಟುವಾಗ ಇಟ್ಟಿಗೆ ಎತ್ತಿಕೊಟ್ಟವಳು ನಾನೇ. ವಾಲ್ತಾ ಇದೆ ಅಂತ ಆಗಲೇ ಹೇಳಿದ್ದೆ. ನನ್ನ ಮಾತು ಎಲ್ಲಿ ಕೇಳ್ತಿದ್ದರು" ಎಂದರು ಅತ್ತೆ.

ದರ್ಜಿ ಮೆಲ್ಲಗೆ ಬಂದು, ತಾಯಿಯ ಸೊಂಟದ ಬೀಗದ ಕೈ ಗೊಂಚಲನ್ನು ಕೇಳಿ ತೆಗೆದುಕೊಂಡ. ಅದನ್ನು ತನ್ನ ಟೇಪಿನ ತುದಿಗೆ ಕಟ್ಟಿ, ಗೋಡೆಯ ಪಕ್ಕ ಎತ್ತಿ ಹಿಡಿದ. ಗೊಂಚಲು ತೂಗಿ ತೂಗಿ ನಿಂತಿತು. ಟೇಪು ನೆಟ್ಟಗೆ ಇಳಿದಿತ್ತು. ಗೋಡೆ ಹಾಗಿರಲಿಲ್ಲ. ಬಾಗಿಲು ಗೋಡೆಗೆ ಒಂದು ಹುಲ್ಲುಕಡ್ಡಿಯೂ ತೂರದ ಹಾಗೆ ಹೊಂದಿಕೊಂಡು, ಅದರ ಜೊತೆಗೇ ವಾಲಿತ್ತು. ಎಲ್ಲಿ ಎಳೆದರೂ ಬಾಗಿಲೂ ಭುಜವೂ ಒಟ್ಟಿಗೆ ನೆಟ್ಟಗಾಗದೆ ಇದ್ದದ್ದು ಇದಕ್ಕೆ. ಸಾಫ್ಟ್‌ವೇರಿನ ತಪ್ಪಿರಲಿಲ್ಲ.

"ನಿನಗೆ ಗೊತ್ತಿತ್ತಾ?" ಎಂದ ದರ್ಜಿ. ಎಷ್ಟೋ ವರ್ಷಗಳ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು.

"ಚೌಕಟ್ಟು ಕೂರಿಸುವಾಗಲೇ ಗೊತ್ತಾಯ್ತು. ನೆಟ್ಟಗೆ ಕೂರಿಸಿದ್ದರೆ ಒಂದು ಕಡೆ ಸಂದು ಬಿಡ್ತಿತ್ತು. ಗೋಡೆ ಹೇಗಿದೆಯೋ ಹಾಗೇ ಕೂರಿಸಿದೆ."

"ಮತ್ತೆ ನಾನು ಅಂದಾಗ ಬಾಯಿ ಬಿಟ್ಟು ಹೇಳಬಾರದಿತ್ತಾ?"

ಬಡಗಿ ಗೋಡೆಯ ಮೇಲೆ ಕೈ ಇಟ್ಟ. "ಅಪ್ಪನ ಗೋಡೆ ಓರೆ ಅಂತ ಅಷ್ಟು ಜನರ ಮುಂದೆ ಹೇಗೆ ಹೇಳಲಿ? ನನ್ನ ಬಾಗಿಲು ಓರೆ ಅಂದ್ಕೊಳ್ಳಲಿ ಅಂತ ಗೋಡೆ ಮಾತು ಎತ್ತಲಿಲ್ಲ."

ದರ್ಜಿ ಟೇಪನ್ನು ಸುತ್ತಿದ. ಸುತ್ತಿ ಮುಗಿದ ಮೇಲೂ ಬೆರಳು ಸುತ್ತುತ್ತಲೇ ಇತ್ತು. ಕೊನೆಗೆ ತಮ್ಮನ ಅಂಗಿಯ ಕೊರಳಪಟ್ಟಿಯನ್ನು ಹಿಡಿದು ನೋಡಿ, "ಹರಿದಿದೆ. ಇವತ್ತೇ ಅಂಗಡಿಗೆ ಬಾ" ಎಂದ. ಆಮೇಲೆ ಚಪ್ಪಲಿ ಬಿಟ್ಟು, ಬೀಗ ತೆಗೆದು, ಆ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋದ. ಬಾಗಿಲು ಕಿರ್ ಎನ್ನಲಿಲ್ಲ.

ಸ್ವಲ್ಪ ಹೊತ್ತಿಗೆ ಎಲ್ಲರೂ ಮತ್ತೆ ಬಾಗಿಲ ಮುಂದೆ ಬಂದು ನಿಂತರು. ಈ ಸಲ ಮರಳಿನ ರಾಶಿ ಇರಲಿಲ್ಲ. ಕ್ವಾಲಿಟಿಯವರು ನಟ್ಟ ನಡುವೆ, ಎದುರಾಗಿ ನಿಂತು, ಉಸಿರು ಬಿಗಿಹಿಡಿದು ಫೋಟೋ ತೆಗೆದರು. ಎದುರುಮನೆಯಾಕೆ ಬಕೆಟ್ಟು ಹಿಡಿದು ಬಂದು ತಾವಾಗಿಯೇ ಮೂಲೆಯಲ್ಲಿ ನಿಂತುಕೊಂಡಿದ್ದರು. ಎಲ್ಲರ ಹುಬ್ಬಿನ ಕೂದಲೂ ಎಣಿಸುವ ಹಾಗೆ ಬಂದಿತ್ತು. ಅಣ್ಣತಮ್ಮಂದಿರು ಒಂದೇ ಎತ್ತರ ಇದ್ದರು. ಭುಜ ಸಮವಾಗಿತ್ತು. ಹಿಂದಿನ ಗೋಡೆ ಬಾಗಿಲು ಮಾತ್ರ ವಾಲಿತ್ತು.

ಕ್ವಾಲಿಟಿಯವರು ತಲೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸಿ ನೋಡಿದರು. ಬೆರಳು ತನ್ನಷ್ಟಕ್ಕೆ ಮೂಲೆಯ ಕಡೆ ಹೋಯಿತು. "ಹಿಂದೆ ಸ್ವಲ್ಪ ಓರೆ ಬಂದಿದೆ ಅತ್ತೆ. ಒಂದೇ ಒಂದು ಸಲ, ಕ್ವಾಲಿಟಿ ಹೋಗದ ಹಾಗೆ…"

ಹೆಂಡತಿ ಫೋನು ಕಿತ್ತುಕೊಳ್ಳಲು ಕೈ ಚಾಚಿದರು. ಅದಕ್ಕೆ ಮೊದಲೇ ಅತ್ತೆ ಫೋನಿನ ಮೇಲೆ ಬಗ್ಗಿ, ಆ ವಾಲಿದ ಗೋಡೆಯನ್ನು ಬೆರಳಿನಿಂದ ಮುಟ್ಟಿದರು.

"ಬೇಡ ಅಳಿಯಂದಿರೇ, ಬಿಡಿ. ಅದು ಅವರಪ್ಪ. ಫೋಟೋದಲ್ಲಿ ಅವರೂ ಇರಲಿ."

ಕ್ವಾಲಿಟಿಯವರು ಯಾವ ಮೂಲೆಯನ್ನೂ ಎಳೆಯದೆ ಫೋಟೋವನ್ನು ಹಾಗೇ ಉಳಿಸಿದರು.